ಶಿವರಾತ್ರಿವರೆಗೆ ಕಾಯಬೇಕಾ? ಥಂಡಿಯಲ್ಲೇ ಟೊಮೆಟೊ ಹಚ್ಚುವ ಲೆಕ್ಕ

ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ನಾನು ಟೊಮೆಟೊ ಅಗಿ ಹಚ್ಚಲು ಹೊಲಕ್ಕೆ ಇಳಿಯುತ್ತೇನೆ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ಅದೇ ಮಾತು ಹೇಳುತ್ತಾರೆ. "ಇಷ್ಟ್ಯಾಕ ಅವಸರ ಮಾಡ್ತಿ ತಮ್ಮಾ? ಶಿವರಾತ್ರಿ ಆಗ್ಲಿ. ಥಂಡಿ ಶಿವ ಶಿವ ಅಂತ ಹೋಗ್ತೈತಿ. ಆಮ್ಯಾಲ ಹಚ್ಚು."

ಅಗಿ ಅಂದರೆ ಸಸಿ, ಹಚ್ಚುವುದು ಅಂದರೆ ನೆಡುವುದು. ಬೆಂಗಳೂರು, ಮೈಸೂರು ಕಡೆಯವರಿಗೆ ಈ ಪದಗಳು ಹೊಸದಿರಬಹುದು, ನಮ್ಮ ವಿಜಯಪುರದ ಕಡೆ ದಿನಬಳಕೆಯ ಮಾತು.

ಕಾಕಾ ಹೊಲ ಮಾಡಲು ಶುರು ಮಾಡಿದಾಗ ನಾನು ಇನ್ನೂ ಹುಟ್ಟಿರಲಿಲ್ಲ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಜನವರಿಯ ನಸುಕಿನಲ್ಲಿ ಇಲ್ಲಿ ಥಂಡಿ ಎಂಥದ್ದು ಅಂತ ಬೆಳೆ ಕಾಯಲು ಹೊಲದಲ್ಲಿ ಮಲಗಿದವರಿಗೆ ಗೊತ್ತು. ಕೆಲವು ವರ್ಷ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಟೊಮೆಟೊ ಥಂಡಿ ತಾಳುವ ಗಿಡವೂ ಅಲ್ಲ. ಹಾಗಿದ್ದರೂ ನಾನು ಸಂಕ್ರಾಂತಿಗೇ ಹಚ್ಚುತ್ತೇನೆ. ಯಾಕೆಂದರೆ ಕಾಕಾನ ಮಾತಿನಲ್ಲಿ ಥಂಡಿಯ ಲೆಕ್ಕ ಇದೆ, ಬಿಸಿಲಿನ ಲೆಕ್ಕ ಇಲ್ಲ.

ಇದು ನಮ್ಮೂರಿನ ಪ್ರಶ್ನೆ ಮಾತ್ರ ಅಲ್ಲ. ಚಳಿ ದೇಶಗಳಲ್ಲಿ ಟೊಮೆಟೊ ಬೆಳೆಯುವವರು ಪ್ರತಿ ವಸಂತದಲ್ಲೂ ಇದೇ ಪೇಚಿಗೆ ಸಿಗುತ್ತಾರೆ. ಅಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗೆ ಇಳಿದು, ಎಲೆಯ ಮೇಲೆ ಬಿಳಿ ಪುಡಿಯಂತೆ ಮಂಜುಗಡ್ಡೆ ಕಟ್ಟುತ್ತದೆ. ಇದೇ ಫ್ರಾಸ್ಟ್. ಒಂದು ರಾತ್ರಿ ಸಾಕು, ಬೆಳಿಗ್ಗೆ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಅದಕ್ಕೇ ಅಲ್ಲಿನವರು 'ಕೊನೆಯ ಫ್ರಾಸ್ಟ್ ದಿನ' ಅಂತ ಒಂದು ದಿನ ಗುರುತಿಟ್ಟುಕೊಳ್ಳುತ್ತಾರೆ. ಜರ್ಮನಿ, ಆಸ್ಟ್ರಿಯಾ ಕಡೆ ಮೇ 11ರಿಂದ 15ರವರೆಗಿನ ದಿನಗಳಿಗೆ ಮಂಜಿನ ಸಂತರ ದಿನಗಳು ಅಂತಲೇ ಹೆಸರು. ಕೊನೆಯ ದಿನ ಸೋಫಿಯಾ ಎಂಬ ಸಂತರದು. 'ಥಂಡಿ ಸೋಫಿ' ದಾಟಿದ ಮೇಲೆಯೇ ಟೊಮೆಟೊ ನೆಡಬೇಕು ಅನ್ನುವುದು ಅಲ್ಲಿನ ಹಿರಿಯರ ಮಾತು. ನಮ್ಮ ಕಾಕಾನಿಗೆ ಶಿವರಾತ್ರಿ ಇದ್ದ ಹಾಗೆ.

ಆದರೆ ಕೊನೆಯ ಫ್ರಾಸ್ಟ್ ದಿನ ಅನ್ನುವುದು ಒಂದು ಸರಾಸರಿ. ಬಹಳ ವರ್ಷಗಳ ದಾಖಲೆ ನೋಡಿ ನಡುವಿನ ದಿನವನ್ನು ತೆಗೆದಿರುತ್ತಾರೆ. ಅಂದರೆ ಸುಮಾರು ಅರ್ಧದಷ್ಟು ವರ್ಷ ಫ್ರಾಸ್ಟ್ ಆ ದಿನ ದಾಟಿದ ಮೇಲೂ ಬರುತ್ತದೆ, ಇನ್ನರ್ಧ ವರ್ಷ ಅದಕ್ಕೂ ಮೊದಲೇ ನಿಂತಿರುತ್ತದೆ. ಆ ದಿನಕ್ಕೆ ನೆಟ್ಟವರೂ ಅಪಾಯ ತೆಗೆದುಕೊಂಡೇ ನೆಡುತ್ತಾರೆ. ಎಷ್ಟು ಅಪಾಯ ತಾಳಬಲ್ಲೆ ಅನ್ನುವುದು ಅವರವರ ಲೆಕ್ಕ.

ಶಿವರಾತ್ರಿಯಲ್ಲಿ ಇನ್ನೊಂದು ತೊಡಕಿದೆ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು, 2025ರಲ್ಲಿ ಫೆಬ್ರವರಿ 26ಕ್ಕೆ. 2026ರಲ್ಲಿ ಫೆಬ್ರವರಿ 15ಕ್ಕೆ. ಮೂರು ವರ್ಷದೊಳಗೆ 22 ದಿನಗಳ ಅಂತರ. ಹಬ್ಬ ಚಂದ್ರನ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಬಿಸಿಲು ಸರಿಯುವುದಿಲ್ಲ. ಟೊಮೆಟೊಗೆ 22 ದಿನ ಅಂದರೆ ಒಂದು ಬೆಳೆ ಕೈಗೆ ಹತ್ತುವುದಕ್ಕೂ ಹತ್ತದಿರುವುದಕ್ಕೂ ಇರುವ ವ್ಯತ್ಯಾಸ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ, ಜನವರಿ 14 ಇಲ್ಲಾ 15. ಹೊಲದ ಕೆಲಸಕ್ಕೆ ಗುರುತು ಹಾಕಿಕೊಳ್ಳಲು ನನಗೆ ಅದೇ ಗಟ್ಟಿ ಅನಿಸುತ್ತದೆ.

ಈಗ ಬಿಸಿಲಿನ ಲೆಕ್ಕ. ಟೊಮೆಟೊ ಹೂ ಕಾಯಿ ಕಚ್ಚಬೇಕಾದರೆ ರಾತ್ರಿ 15ರಿಂದ 20 ಡಿಗ್ರಿ ಇರಬೇಕು. ಹಗಲು 30ರ ಒಳಗಿದ್ದರೆ ಒಳ್ಳೆಯದು. ಹಗಲು 35 ದಾಟಿ, ರಾತ್ರಿಯೂ 24ರ ಮೇಲೆ ನಿಂತರೆ ಪರಾಗ ಸತ್ತ್ವ ಕಳೆದುಕೊಳ್ಳುತ್ತದೆ. ಹೂ ಬಿಡುತ್ತದೆ, ಒಣಗುತ್ತದೆ, ತೊಟ್ಟು ಸಮೇತ ಉದುರುತ್ತದೆ. ಗಿಡ ನೋಡಲು ಹಸಿರಾಗಿರುತ್ತದೆ, ಕಾಯಿ ಮಾತ್ರ ಇರುವುದಿಲ್ಲ. ನೀರು ಹೆಚ್ಚು ಕೊಟ್ಟರೂ ಗೊಬ್ಬರ ಹಾಕಿದರೂ ಇದು ಸರಿಹೋಗುವುದಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್ ಅಂದರೆ ಹಗಲು 38, 40 ಡಿಗ್ರಿ. ಮೇ ಬಗ್ಗೆ ಹೇಳುವುದೇ ಬೇಡ.

ಅಗಿ ಹಚ್ಚಿದ ಮೇಲೆ ಹೂ ಬಿಡಲು ಸುಮಾರು ಒಂದು ತಿಂಗಳು ಬೇಕು. ಹೂ ಕಾಯಿಯಾಗಿ ಕೆಂಪಾಗಲು ಇನ್ನೂ 45ರಿಂದ 50 ದಿನ. ಮಾರ್ಚ್ ಮೊದಲ ವಾರ ಹಚ್ಚಿದರೆ ಹೂ ಏಪ್ರಿಲ್‌ನಲ್ಲಿ ಬರುತ್ತದೆ, ಅಂದರೆ ನೇರವಾಗಿ ಕೆಂಡಕ್ಕೆ ಬೀಳುತ್ತದೆ. ಸಂಕ್ರಾಂತಿಗೆ ಹಚ್ಚಿದರೆ ಹೂ ಫೆಬ್ರವರಿ ನಡುವಿಗೆ ಬರುತ್ತದೆ. ಆ ಹೊತ್ತಿಗೆ ರಾತ್ರಿ ತಂಪು, ಹಗಲು ಬೆಚ್ಚಗೆ. ಮೊದಲ ನಾಲ್ಕೈದು ಗೊಂಚಲು ಕಾಯಿ ಕಚ್ಚಿಬಿಡುತ್ತವೆ. ಮಾರ್ಚ್ ಕೊನೆಗೆ ಹಣ್ಣು ಹರಿಯಲು ಶುರು. ಬಿಸಿಲು ಜೋರಾಗುವ ಹೊತ್ತಿಗೆ ಗಿಡದ ಮುಖ್ಯ ಕೆಲಸ ಮುಗಿದಿರುತ್ತದೆ.

ಇನ್ನೊಂದು ಲಾಭವೂ ಇದೆ, ಅದು ಸಣ್ಣದಲ್ಲ. ಎಲೆ ಮುರುಟು ರೋಗದ ವೈರಸ್ಸನ್ನು ಹೊತ್ತು ತಿರುಗುವುದು ಬಿಳಿನೊಣ. ಬಿಸಿಲು ಏರಿದ ಹಾಗೆ ಬಿಳಿನೊಣ ಜಾಸ್ತಿಯಾಗುತ್ತದೆ. ಎಳೆ ಗಿಡಕ್ಕೆ ರೋಗ ತಗುಲಿದರೆ ಅದು ಮುದುರಿ ಅಲ್ಲಿಗೇ ನಿಲ್ಲುತ್ತದೆ. ಬಲಿತ ಗಿಡಕ್ಕೆ ತಗುಲಿದರೆ ಅಷ್ಟೊಂದು ನಷ್ಟವಿಲ್ಲ. ಥಂಡಿಯಲ್ಲಿ ಹಚ್ಚಿದ ಗಿಡ ಬಿಳಿನೊಣದ ದಂಡು ಬರುವ ಹೊತ್ತಿಗೆ ಕಾಯಿ ಹೊತ್ತಿರುತ್ತದೆ. ನಾನು ಇದರ ಮೇಲೆ ಅರ್ಕಾ ರಕ್ಷಕ್ ತಳಿಯನ್ನೂ ಆರಿಸಿಕೊಳ್ಳುತ್ತೇನೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕೊಟ್ಟ ಹೈಬ್ರಿಡ್ ಇದು. ಎಲೆ ಮುರುಟು ವೈರಸ್, ದುಂಡಾಣು ಸೊರಗು ರೋಗ, ಎಲೆ ಚುಕ್ಕೆ ತರುವ ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ ಗುಣ ಇದಕ್ಕಿದೆ.

ಹಾಗಾದರೆ ಥಂಡಿ ಏನು ಮಾಡುತ್ತದೆ? ಟೊಮೆಟೊದ ಕಾಡು ನೆಂಟರು ಇರುವುದು ದಕ್ಷಿಣ ಅಮೆರಿಕದ ಪೆರು, ಎಕ್ವಡಾರ್ ಕಡೆ. ಬೆಚ್ಚಗಿನ ನಾಡಿನ ಗಿಡ. ಅದಕ್ಕೆ ಥಂಡಿಯ ಪೆಟ್ಟು ಮೂರು ಹಂತದಲ್ಲಿ ಬೀಳುತ್ತದೆ, ಇವನ್ನು ಬೇರೆ ಬೇರೆ ನೋಡದಿದ್ದರೆ ಗೊಂದಲ ಆಗುತ್ತದೆ.

ಕಡೆಯ ಹಂತ ಫ್ರಾಸ್ಟ್. ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಇಳಿದರೆ ಎಲೆಯೊಳಗಿನ ನೀರು ಹರಳಾಗುತ್ತದೆ. ಹರಳು ಜೀವಕೋಶವನ್ನು ಹರಿದುಹಾಕುತ್ತದೆ, ಗಿಡ ಸಾಯುತ್ತದೆ. ದಕ್ಷಿಣದಲ್ಲಿ ಇಂಥದ್ದು ಕಾಣುವುದು ಊಟಿ, ಮುನ್ನಾರ್‌ನಂಥ ಬೆಟ್ಟಗಳಲ್ಲಿ. ಅಲ್ಲಿ ಚಹಾ ಗಿಡದ ಚಿಗುರು ಫ್ರಾಸ್ಟ್‌ಗೆ ಸುಟ್ಟು ಕಂದಾಗುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಬಯಲಿನಲ್ಲಿ ಈ ಭಯ ಇಟ್ಟುಕೊಳ್ಳಬೇಕಿಲ್ಲ.

ನಡುವಿನ ಹಂತ ನಮ್ಮದು. ಸುಮಾರು 10 ಡಿಗ್ರಿಗಿಂತ ಕೆಳಗೆ ಹೋದರೆ ನೀರು ಹೆಪ್ಪುಗಟ್ಟದಿದ್ದರೂ ಗಿಡಕ್ಕೆ ಪೆಟ್ಟು ಬೀಳುತ್ತದೆ. ಥಂಡಿ ದಿನಗಳಲ್ಲಿ ಡಬ್ಬಿಯೊಳಗಿನ ತುಪ್ಪ ಗಟ್ಟಿಯಾಗುತ್ತದೆ, ಅಲ್ವಾ? ಗಿಡದ ಜೀವಕೋಶದ ಪೊರೆಯಲ್ಲೂ ಕೊಬ್ಬಿನಂಶ ಇದೆ. ಅದು ಬಿಗಿಯಾದರೆ ಪೊರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಳಗಿನ ರಸ ಸೋರುತ್ತದೆ. ಬೇರು ನೀರೆಳೆಯುವುದು ನಿಧಾನವಾಗುತ್ತದೆ. ಬೆಳವಣಿಗೆ ನಿಲ್ಲುತ್ತದೆ. ರಂಜಕವನ್ನು ಎಳೆದುಕೊಳ್ಳಲಾಗದೆ ಎಲೆಯ ಹಿಂಬದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ಬಾರಿ ನನ್ನ ಅಗಿಗಳು ಹೀಗೆ ನೇರಳೆಯಾದಾಗ ಗೊಬ್ಬರ ಕಡಿಮೆ ಬಿತ್ತು ಅಂತ ತಿಳಿದು ಡಿಎಪಿ ಹಾಕಿದೆ. ಅದು ಬೇಕಿರಲಿಲ್ಲ. ಮಣ್ಣಿನಲ್ಲಿ ರಂಜಕ ಇದ್ದೇ ಇತ್ತು. ಟ್ರೇಯ ಸಣ್ಣ ಗುಳಿಗಳಲ್ಲಿದ್ದ ಬೇರಿಗೆ ಅದನ್ನು ಎಳೆಯಲು ಬೇಕಾದ ಬಿಸಿ ಇರಲಿಲ್ಲ, ಅಷ್ಟೇ. ಹೊಲಕ್ಕೆ ಹೋಗಿ ಎಂಟು ದಿನ ಬಿಸಿಲು ಕಂಡ ಮೇಲೆ ಹೊಸ ಎಲೆಗಳು ಹಸಿರಾಗಿಯೇ ಬಂದವು.

ಇನ್ನೊಂದು ಹಂತ ಹೂವಿಗೆ ಸಂಬಂಧಿಸಿದ್ದು. ರಾತ್ರಿ 13 ಡಿಗ್ರಿಗಿಂತ ಕೆಳಗಿದ್ದರೆ ಗಿಡ ಆರಾಮಾಗಿ ಕಂಡರೂ ಪರಾಗ ಚೆನ್ನಾಗಿ ಕೂಡಿಬರುವುದಿಲ್ಲ. ಹೂ ಉದುರುತ್ತದೆ, ಇಲ್ಲವೇ ಕಾಯಿ ಸೊಟ್ಟಗಾಗುತ್ತದೆ. ತಳದಲ್ಲಿ ಗಾಯದಂಥ ಕಲೆ, ಮಡಿಕೆ ಮಡಿಕೆ ಆಕಾರ. ಹೂ ಅರಳುವುದಕ್ಕೆ ಎರಡು ಮೂರು ವಾರ ಮೊದಲು, ಮೊಗ್ಗು ಇನ್ನೂ ಕಣ್ಣಿಗೆ ಕಾಣದಷ್ಟು ಸಣ್ಣದಿರುವಾಗ ಬಿದ್ದ ಥಂಡಿಯ ಗುರುತು ಅದು. ಹಾಗಾಗಿ ಸಂಕ್ರಾಂತಿಗೆ ಹಚ್ಚಿದವರಿಗೆ ಮೊದಲ ಗೊಂಚಲಿನಲ್ಲಿ ಒಂದಷ್ಟು ಸೊಟ್ಟ ಕಾಯಿ ಸಿಗುವುದು ಖಂಡಿತ. ಅದನ್ನು ಲೆಕ್ಕಕ್ಕೆ ಹಿಡಿದೇ ನಾನು ಹಚ್ಚುತ್ತೇನೆ. ಅವು ಸಾರಿಗೆ, ಚಟ್ನಿಗೆ ಆಗುತ್ತವೆ, ಪೇಟೆಗೆ ಆಗುವುದಿಲ್ಲ.

ಚಳಿ ದೇಶದವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ವಸಂತದಲ್ಲಿ ಮಣ್ಣೇ ತಣ್ಣಗಿರುತ್ತದೆ. ತಿಂಗಳುಗಟ್ಟಲೆ ಹಿಮದಡಿ ಇದ್ದ ಮಣ್ಣು. ಹಗಲು ಬಿಸಿಲು ಬಂದರೂ ಬೇರಿಗೆ ಅದು ಮುಟ್ಟುವುದಿಲ್ಲ. ಅದಕ್ಕೇ ಅವರು ಉದ್ದ ಕಾಂಡದ ಸಸಿಯನ್ನು ನೆಟ್ಟಗೆ ಆಳಕ್ಕೆ ಇಳಿಸದೆ, ಮೇಲ್ಮಣ್ಣಿನಲ್ಲಿ ಅಡ್ಡ ಮಲಗಿಸಿ ನೆಡುತ್ತಾರೆ. ಟೊಮೆಟೊ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ, ಮೇಲಿನ ಮಣ್ಣು ಬೇಗ ಕಾಯುತ್ತದೆ. ನಮ್ಮ ಮಣ್ಣು ಜನವರಿಯಲ್ಲೂ ಬೆಚ್ಚಗೇ ಇರುತ್ತದೆ. ತಣ್ಣಗಿರುವುದು ನಸುಕಿನ ಗಾಳಿ ಮಾತ್ರ. ಹಗಲಾದರೆ ಬಿಸಿಲು 28, 30 ಡಿಗ್ರಿ. ರಾತ್ರಿ ಬಿದ್ದ ಪೆಟ್ಟನ್ನು ಗಿಡ ಹಗಲು ಸರಿಮಾಡಿಕೊಳ್ಳುತ್ತದೆ. ಹಾಗಾಗಿ ನಾವು ಕಾಯಬೇಕಾದದ್ದು ದಿನದ 24 ತಾಸನ್ನಲ್ಲ. ನಸುಕಿನ ಮೂರು ತಾಸನ್ನು.

ಆ ಮೂರು ತಾಸು ಯಾಕೆ ಅಷ್ಟು ಥಂಡಿ ಅನ್ನುವುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಅಂಗಳದಲ್ಲಿ ಬಯಲಿಗೆ ನಿಲ್ಲಿಸಿದ ಬೈಕಿನ ಸೀಟು ಇಬ್ಬನಿಯಿಂದ ತೊಯ್ದಿರುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸಿದ ಬೈಕಿನ ಸೀಟು ಒಣಗಿಯೇ ಇರುತ್ತದೆ. ಎರಡೂ ಕಡೆ ಗಾಳಿ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು? ಪ್ರತಿ ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಹೊರಗೆ ಬಿಡುತ್ತಲೇ ಇರುತ್ತದೆ. ಬಯಲಿನ ಸೀಟಿನ ಶಾಖ ಸೀದಾ ಆಕಾಶಕ್ಕೆ ಹೋಯಿತು, ಅಲ್ಲಿಂದ ವಾಪಸ್ ಬಂದದ್ದು ಕಡಿಮೆ. ಸೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಯಿತು. ಮರದ ಕೆಳಗಿನ ಸೀಟಿಗೆ ಎಲೆಗಳು ಅಷ್ಟೇ ಶಾಖವನ್ನು ತಿರುಗಿ ಕೊಟ್ಟವು.

ಟೊಮೆಟೊ ಎಲೆಗೂ ಇದೇ ಆಗುವುದು. ಮೋಡ ಇಲ್ಲದ, ಗಾಳಿ ಬೀಸದ, ಒಣ ರಾತ್ರಿಯಲ್ಲಿ ಎಲೆ ಗಾಳಿಗಿಂತ ಒಂದೆರಡು ಡಿಗ್ರಿ ಜಾಸ್ತಿ ತಣ್ಣಗಾಗುತ್ತದೆ. ಮೋಡ ಇದ್ದರೆ ಅದು ಭೂಮಿಗೆ ಹೊದಿಸಿದ ಕೌದಿ ಇದ್ದ ಹಾಗೆ. ಗಾಳಿಯಲ್ಲಿನ ತೇವವೂ ತೆಳ್ಳನೆ ಕೌದಿಯೇ. ಸಣ್ಣಗೆ ಗಾಳಿ ಬೀಸಿದರೂ ಮೇಲಿನ ಬೆಚ್ಚನೆ ಗಾಳಿ ಕೆಳಗೆ ಬೆರೆಯುತ್ತದೆ. ಇವು ಮೂರೂ ಇಲ್ಲದ ರಾತ್ರಿ ಅಪಾಯದ್ದು. ಸೂರ್ಯ ಹುಟ್ಟುವವರೆಗೂ ಶಾಖ ಹೋಗುತ್ತಲೇ ಇರುತ್ತದೆ, ಹೊಸದು ಬರುವುದಿಲ್ಲ. ಅದಕ್ಕೇ ನಡುರಾತ್ರಿಗಿಂತ ಸೂರ್ಯ ಹುಟ್ಟುವ ಹೊತ್ತು ಜಾಸ್ತಿ ಥಂಡಿ.

ಇದನ್ನು ಮೊದಲು ಸರಿಯಾಗಿ ಬಿಡಿಸಿ ಹೇಳಿದವರಲ್ಲಿ ಲಂಡನ್‌ನಲ್ಲಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಮುಖ್ಯರು. 1814ರಲ್ಲಿ ಅವರು ಇಬ್ಬನಿಯ ಬಗ್ಗೆ ಬರೆದರು. ತೋಟದವರು ಎಳೆ ಗಿಡಗಳ ಮೇಲೆ ತೆಳ್ಳನೆ ಚಾಪೆ ಹಾಕುವುದನ್ನು ನೋಡಿ, ಅಷ್ಟು ತೆಳ್ಳನೆಯದು ಥಂಡಿ ತಡೆದೀತೇ ಅಂತ ಮೊದಲು ತಾವೂ ನಕ್ಕಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ನಾಲ್ಕು ಕಡ್ಡಿ ನೆಟ್ಟು, ಹುಲ್ಲಿನ ಮೇಲೆ ತೆಳು ಕರವಸ್ತ್ರವನ್ನು ಬಿಗಿದು ಕಟ್ಟಿ ನೋಡಿದರು. ಅದರ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗಿತ್ತು. ಹೊದಿಕೆಯ ಕೆಲಸ ಥಂಡಿ ಗಾಳಿಯನ್ನು ತಡೆಯುವುದಷ್ಟೇ ಅಲ್ಲ, ಆಕಾಶವನ್ನು ಮರೆಮಾಡುವುದು. ಈ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಇದೇ ಗುಟ್ಟನ್ನು ನಮ್ಮ ದೇಶದವರು ಅದಕ್ಕೂ ಮೊದಲೇ ಕೆಲಸಕ್ಕೆ ಹಚ್ಚಿದ್ದರು. ಅಲಹಾಬಾದ್ ಕಡೆ ಮಂಜುಗಡ್ಡೆ ಮಾಡುತ್ತಿದ್ದ ರೀತಿಯನ್ನು ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಲ್ಲಿ ದಾಖಲಿಸಿದ್ದಾರೆ. ಬಯಲಿನಲ್ಲಿ ಅಗಲವಾದ ತಗ್ಗು ತೋಡಿ, ಅದರಲ್ಲಿ ಒಣಗಿದ ಕಬ್ಬಿನ ಇಲ್ಲವೇ ಗೋವಿನಜೋಳದ ದಂಟು ಹರಡುತ್ತಿದ್ದರು. ಅದರ ಮೇಲೆ ಮಣ್ಣಿನ ಚಪ್ಪಟೆ ತಟ್ಟೆಗಳಲ್ಲಿ ಸಂಜೆ ನೀರು ಹಾಕಿಡುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ಆ ನೀರು ಮಂಜಾಗಿರುತ್ತಿತ್ತು. ಸುತ್ತಲಿನ ಗಾಳಿ ಅಷ್ಟು ಥಂಡಿ ಇಲ್ಲದ ರಾತ್ರಿಗಳಲ್ಲೂ.

ಆ ಒಣ ದಂಟು ಯಾಕೆ ಬೇಕಿತ್ತು? ನೆಲದ ಶಾಖ ಮೇಲಕ್ಕೆ ಬಂದು ತಟ್ಟೆಗೆ ಮುಟ್ಟದಿರಲಿ ಅಂತ. ಇದನ್ನು ಓದಿದಾಗ ನನ್ನ ಎರಡನೆಯ ವರ್ಷದ ಬೆಳೆ ಯಾಕೆ ಕೆಟ್ಟಿತು ಅನ್ನುವುದು ಹೊಳೆಯಿತು. ಆ ವರ್ಷ ಅಗಿಗಳ ಬುಡಕ್ಕೆಲ್ಲ ದಪ್ಪಗೆ ಒಣ ಕಣಿಕಿ, ಅಂದರೆ ಜೋಳದ ದಂಟು, ಹರಡಿದ್ದೆ. ಬೆಚ್ಚಗಿರುತ್ತದೆ ಅನ್ನುವ ನಂಬಿಕೆ. ಆಗಿದ್ದು ಉಲ್ಟಾ. ಹಗಲು ಬಿಸಿಲು ಮಣ್ಣಿಗೆ ಮುಟ್ಟಲಿಲ್ಲ. ರಾತ್ರಿ ಮಣ್ಣಿನಲ್ಲಿದ್ದ ಶಾಖ ಗಿಡಕ್ಕೆ ಮುಟ್ಟಲಿಲ್ಲ. ಕಣಿಕಿಯ ಮೇಲಿನ ಎಲೆಗಳು ಅಲಹಾಬಾದಿನ ತಟ್ಟೆಗಳ ಹಾಗೆ ಬಯಲು ಆಕಾಶದಡಿ ತಣ್ಣಗಾದವು. ಬದುವಿನ ಹತ್ತಿರ ಕಣಿಕಿ ಸಾಲದೆ ಬರಿ ಮಣ್ಣಿನಲ್ಲಿ ಬಿಟ್ಟಿದ್ದ ಗಿಡಗಳೇ ಚೆನ್ನಾಗಿದ್ದವು. ಈಗ ಫೆಬ್ರವರಿ ಮುಗಿಯುವವರೆಗೆ ಬುಡಕ್ಕೆ ಒಣ ಹೊದಿಕೆ ಹಾಕುವುದಿಲ್ಲ. ಮಾರ್ಚ್‌ನಲ್ಲಿ ಹಾಕುತ್ತೇನೆ, ಆಗ ಅದು ಬಿಸಿಲಿನಿಂದ ಕಾಪಾಡುತ್ತದೆ.

ಕಣಿಕಿಯನ್ನು ನೆಲದ ಮೇಲೆ ಹಾಸುವ ಬದಲು ನಿಲ್ಲಿಸಬೇಕು. ಪಂಜಾಬಿನಲ್ಲಿ ನಿಜವಾದ ಫ್ರಾಸ್ಟ್ ಬೀಳುತ್ತದೆ. ಅಲ್ಲಿನ ರೈತರು ಪೂರ್ವ ಪಶ್ಚಿಮವಾಗಿ ಮಣ್ಣಿನ ಉದ್ದ ದಿಂಡು, ಅಂದರೆ ಬೋದು, ಏರಿಸಿ, ಬೋದಿನ ದಕ್ಷಿಣ ಮಗ್ಗುಲಿಗೆ ಸಸಿ ನೆಟ್ಟು, ಉತ್ತರ ಮಗ್ಗುಲಿಗೆ ಸರಕಂಡಾ ಎಂಬ ಜೊಂಡನ್ನು ಒರಗಿಸಿ ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೋದಿನ ದಕ್ಷಿಣ ಮಗ್ಗುಲು ಹಗಲಿಡೀ ಕಾಯುತ್ತದೆ. ಜೊಂಡು ಉತ್ತರದ ಗಾಳಿಯನ್ನೂ ಅರ್ಧ ಆಕಾಶವನ್ನೂ ಮರೆಮಾಡುತ್ತದೆ. ನಮ್ಮಲ್ಲಿ ಸರಕಂಡಾ ಇಲ್ಲ, ಕಣಿಕಿ ಇದೆ. ನಾನು ಇದನ್ನು ಮಾಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಎಲ್ಲ ಉಪಾಯಗಳಲ್ಲಿ ಖರ್ಚು ಕಡಿಮೆ, ಫಲ ಜಾಸ್ತಿ ಅನಿಸಿದ್ದು ಇದೇ.

ಇನ್ನು ಜಾಗದ ವಿಚಾರ. ಥಂಡಿ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಡೋಣಿ ನದಿಯ ಕಡೆಗೆ ಇಳಿಜಾರು. ರಾತ್ರಿ ಮೇಲಿನಿಂದ ಕೆಳಗಿನವರೆಗೆ ನಡೆದು ಹೋದರೆ ಕಾಲಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಕೆಳಗಿನ ಒಡ್ಡಿನ ಮೇಲೆ ಗಿಡಗಂಟಿ ದಟ್ಟವಾಗಿದ್ದರೆ ಥಂಡಿ ಗಾಳಿ ಅಲ್ಲೇ ಕೆರೆ ಕಟ್ಟುತ್ತದೆ. ಮುಂಚೆ ಹಚ್ಚುವ ಟೊಮೆಟೊಗೆ ಎತ್ತರದ ತುಂಡು ಭೂಮಿ ಬೇಕು. ತಗ್ಗಿನಲ್ಲೇ ಹಚ್ಚಬೇಕಾಗಿ ಬಂದರೆ ಒಡ್ಡಿನ ಪೊದೆಯಲ್ಲಿ ಒಂದೆರಡು ಕಡೆ ದಾರಿ ಬಿಡಿಸಿ, ಗಾಳಿ ಹರಿದು ಹೋಗಲಿ.

ಬೆಳಗಾವಿಯ ಕಡೆಯವರಿಗೆ ಲೆಕ್ಕ ಸ್ವಲ್ಪ ಬೇರೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ನಮಗಿಂತ ಎತ್ತರ. ಆದರೆ ಸಹ್ಯಾದ್ರಿ ಹತ್ತಿರ ಇರುವುದರಿಂದ ಗಾಳಿಯಲ್ಲಿ ತೇವ ಜಾಸ್ತಿ. ತೇವ ಇಬ್ಬನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ, ಥಂಡಿ ಇಳಿಯುವುದು ಅಲ್ಲಿಗೆ ನಿಧಾನವಾಗುತ್ತದೆ. ಬೆಳಗಾವಿಯ ಖಾನಾಪುರ ಕಡೆಯ ಹೊಲಕ್ಕೂ ನಮ್ಮ ವಿಜಯಪುರದ ಇಂಡಿ ಕಡೆಯ ಹೊಲಕ್ಕೂ ಇದರಲ್ಲಿ ಬಹಳ ವ್ಯತ್ಯಾಸ. ಆದರೆ ಅದೇ ಇಬ್ಬನಿ ಬೇರೆ ತೊಂದರೆ ತರುತ್ತದೆ. ಎಲೆ ತಾಸುಗಟ್ಟಲೆ ಒದ್ದೆಯಾಗಿ, ತಂಪಾಗಿ ಇದ್ದರೆ ಕೊನೆಯ ಅಂಗಮಾರಿ ರೋಗಕ್ಕೆ ಹೇಳಿ ಮಾಡಿಸಿದ ಹಾಗೆ. ಆಲೂಗಡ್ಡೆಗೂ ಬರುವ ರೋಗ ಅದು. ಬೆಳಗಾವಿಯವರು ಥಂಡಿಗಿಂತ ಎಲೆ ಬೇಗ ಒಣಗಿಸುವ ಕಡೆ ಗಮನ ಕೊಡಬೇಕು. ಸಾಲಿನ ಅಂತರ ಹೆಚ್ಚಿಡಿ, ಗಿಡಕ್ಕೆ ಕೋಲು ಕೊಟ್ಟು ಎತ್ತಿ ಕಟ್ಟಿ, ನೀರು ಎಲೆಗೆ ಬೀಳದಂತೆ ಬುಡಕ್ಕೇ ಕೊಡಿ. ಅಲ್ಲಿ ಬಿಸಿಲೂ ನಮ್ಮಷ್ಟು ಉಗ್ರವಲ್ಲ, ಹದಿನೈದು ದಿನ ತಡವಾಗಿ ಹಚ್ಚಿದರೂ ನಡೆಯುತ್ತದೆ. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಯ ಹೊಲಗಳಿಗೆ ನೀರೇ ಆಸರೆ. ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ನಿಧಾನಕ್ಕೆ ಬಿಡುತ್ತದೆ.

ನೀರಿನ ಈ ಗುಣವನ್ನೇ ಚಳಿ ದೇಶದವರು ಗಿಡದ ಹತ್ತಿರಕ್ಕೆ ತಂದುಕೊಂಡಿದ್ದಾರೆ. ಸುತ್ತಲೂ ಕೊಳವೆ ಕೊಳವೆಯಾಗಿ ನೀರು ತುಂಬುವ ಪ್ಲಾಸ್ಟಿಕ್ ಗೂಡು ಸಿಗುತ್ತದೆ, ಒಂದೊಂದು ಗಿಡಕ್ಕೆ ಒಂದೊಂದು. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಒಂದು ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಅದೇ ಲೀಟರ್ ಹೆಪ್ಪುಗಟ್ಟುವಾಗ 80 ಕಿಲೋಕ್ಯಾಲರಿ ಕೊಡುತ್ತದೆ. ಹೊರಗೆ ಫ್ರಾಸ್ಟ್ ಬಿದ್ದರೂ ಒಳಗಿನ ಗಿಡ ಉಳಿಯುವುದು ಇದರಿಂದ. ನಮಗೆ ಅಷ್ಟೆಲ್ಲ ಬೇಡ. ಹಿತ್ತಲಿನಲ್ಲಿ ಹತ್ತಿಪ್ಪತ್ತು ಗಿಡ ಇಟ್ಟವರು ಖಾಲಿ ನೀರಿನ ಬಾಟಲಿ ತುಂಬಿ ಗಿಡದ ಪಕ್ಕ ಎರಡೆರಡು ನಿಲ್ಲಿಸಿದರೂ ಅನುಕೂಲವಾಗುತ್ತದೆ. ರಾತ್ರಿ ಹಳೆ ಸೀರೆ ಹೊದಿಸಿದರೆ ಇನ್ನೂ ಒಳ್ಳೆಯದು.

ಸೀರೆ ಯಾಕೆ, ಪ್ಲಾಸ್ಟಿಕ್ ಹಾಳೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಸಾದಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬೆಳಕನ್ನು ಬಿಡುವ ಹಾಗೆ ಶಾಖದ ಕಿರಣವನ್ನೂ ಬಹಳಷ್ಟು ಹೊರಗೆ ಬಿಟ್ಟುಬಿಡುತ್ತದೆ. ರಾತ್ರಿ ಆಕಾಶವನ್ನು ಮರೆಮಾಡುವ ಕೆಲಸ ಅದರಿಂದ ಅರ್ಧಂಬರ್ಧ. ಅದು ಎಲೆಗೆ ತಾಗಿಕೊಂಡಿದ್ದರೆ ಆ ಎಲೆಯೂ ಕೆಡುತ್ತದೆ. ಹಗಲು ಮಾತ್ರ ಒಳಗೆ ಕುದಿಯುತ್ತದೆ. ಬೆಳಿಗ್ಗೆ ತೆಗೆಯಲು ಮರೆತರೆ ಹತ್ತು ಗಂಟೆಗೆ ಅಗಿ ಬೆಂದುಹೋಗುತ್ತದೆ. ಬಟ್ಟೆ ಅಥವಾ ಅಂಗಡಿಯಲ್ಲಿ ಸಿಗುವ ಬಿಳಿ ಕ್ರಾಪ್ ಕವರ್ ಉಸಿರಾಡುತ್ತದೆ, ಒಂದೆರಡು ಡಿಗ್ರಿ ಉಳಿಸುತ್ತದೆ. ಬಿದಿರ ದಬ್ಬೆ ಬಾಗಿಸಿ ಕಮಾನು ಮಾಡಿ ಅದರ ಮೇಲೆ ಹೊದಿಸಿ. ಬಿಸಿಲು ಬಿದ್ದ ಕೂಡಲೇ ತೆಗೆಯಿರಿ.

ಎಕರೆಗಟ್ಟಲೆ ಹಚ್ಚುವವರಿಗೆ ಸೀರೆ ಹೊದಿಸಲು ಆಗುವುದಿಲ್ಲ. 90 ಸೆಂಟಿಮೀಟರ್ ಸಾಲು, 60 ಸೆಂಟಿಮೀಟರ್ ಗಿಡ ಅಂತ ಹಿಡಿದರೆ ಎಕರೆಗೆ ಏಳೂವರೆ ಸಾವಿರ ಅಗಿ. ಅವರಿಗೆ ಆಸರೆ ಮಣ್ಣಿನ ಹಸಿ. ಒಣಗಿ ಬಿರಿದ ಎರಿ ಮಣ್ಣಿನ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ. ಅದು ಹಗಲು ಶಾಖ ಒಳಗೆ ಇಳಿಸಿಕೊಳ್ಳುವುದಿಲ್ಲ, ರಾತ್ರಿ ವಾಪಸ್ ಕೊಡುವುದೂ ಇಲ್ಲ. ಹಸಿ ಮಣ್ಣು ಎರಡನ್ನೂ ಮಾಡುತ್ತದೆ. ಥಂಡಿ ಜೋರಾಗುವ ಸೂಚನೆ ಇದ್ದರೆ ಹಿಂದಿನ ದಿನ ಬೆಳಿಗ್ಗೆಯೇ ಹಗುರವಾಗಿ ನೀರು ಕೊಡಿ. ಸಂಜೆ ಬೇಡ. ಬೆಳಿಗ್ಗೆ ಕೊಟ್ಟರೆ ಬಿಸಿಲಿನ ಶಾಖವನ್ನು ಮಣ್ಣು ಇಡೀ ದಿನ ತುಂಬಿಕೊಳ್ಳುತ್ತದೆ. ಬೋರ್ ನೀರಾದರೆ ಇನ್ನೂ ಒಳ್ಳೆಯದು. ಥಂಡಿ ಬೆಳಿಗ್ಗೆ ಬೋರ್ ನೀರಿನಿಂದ ಹಬೆ ಏಳುವುದನ್ನು ನೋಡಿರುತ್ತೀರಿ, ಭೂಮಿಯೊಳಗಿನ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಹದದಲ್ಲಿರುತ್ತದೆ.

ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲೆಯ ಮುಂದಿನ ಐದು ದಿನದ ಹವಾಮಾನ ಕನ್ನಡದಲ್ಲೇ ಸಿಗುತ್ತದೆ. ಕನಿಷ್ಠ ಉಷ್ಣಾಂಶ 12 ಅಂತ ಬರೆದಿದ್ದರೆ ನಿಮ್ಮ ಎಲೆಗೆ 12 ಅಂತ ತಿಳಿಯಬೇಡಿ. ಆ ಅಂಕಿ ನೆಲದಿಂದ ನಾಲ್ಕೈದು ಅಡಿ ಮೇಲೆ, ಬಿಳಿ ಪೆಟ್ಟಿಗೆಯ ನೆರಳಿನಲ್ಲಿ ಇಟ್ಟ ಥರ್ಮಾಮೀಟರಿನದು. ನೆಲಕ್ಕೆ ಹತ್ತಿರ, ಬಯಲು ಆಕಾಶದಡಿ ಇರುವ ಗೇಣುದ್ದದ ಅಗಿಗೆ ಎರಡು ಮೂರು ಡಿಗ್ರಿ ಕಡಿಮೆ ಅಂತ ಲೆಕ್ಕ ಹಾಕಿಕೊಳ್ಳಿ.

ಸಂಕ್ರಾಂತಿಗೆ ಹಚ್ಚಬೇಕಾದರೆ ಬೀಜ ಹಾಕುವುದು ಡಿಸೆಂಬರ್ ಮೊದಲ ವಾರದಲ್ಲಿ. ಟೊಮೆಟೊ ಬೀಜ 25 ಡಿಗ್ರಿಯಲ್ಲಿ ಆರು ದಿನಕ್ಕೆ ಮೊಳೆಯುತ್ತದೆ. 15 ಡಿಗ್ರಿಯಲ್ಲಿ ಎರಡು ವಾರ ಬೇಕು. 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. ಹಾಗಾಗಿ ಮೊಳೆಯುವವರೆಗೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಮುಚ್ಚಿ, ಮನೆಯೊಳಗೆ ಇಡುತ್ತೇವೆ. ನಮ್ಮವ್ವ ಅವನ್ನು ಅಡುಗೆ ಮನೆಯ ಒಲೆ ಗೋಡೆಯ ಆಚೆ ಬದಿಗೆ ಇಡಿಸುತ್ತಾಳೆ. ಮೊಳಕೆ ಕಂಡ ದಿನವೇ ಹೊರಗೆ ಬೆಳಕಿಗೆ, ನೊಣ ನುಸುಳದ ನೈಲಾನ್ ಪರದೆಯೊಳಗೆ. ಹಚ್ಚುವುದಕ್ಕೆ ಒಂದು ವಾರ ಮೊದಲು ನೀರು ಕಡಿಮೆ ಮಾಡಿ, ರಾತ್ರಿಯೂ ಬಯಲಿಗೆ ಬಿಟ್ಟು, ಅಗಿಯನ್ನು ಗಟ್ಟಿ ಮಾಡಬೇಕು. ಸ್ವಲ್ಪ ಸ್ವಲ್ಪವೇ ಥಂಡಿ ಕಂಡ ಗಿಡದ ಪೊರೆ ಅಷ್ಟು ಬೇಗ ಬಿಗಿಯುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಹಚ್ಚಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ದೊಡ್ಡ ಪಾಲನ್ನು ಸಂಕ್ರಾಂತಿಗೆ ಹಚ್ಚಿ, ಒಂದು ಸಣ್ಣ ಪಾಲನ್ನು ಫೆಬ್ರವರಿ ಮೊದಲ ವಾರಕ್ಕೆ ಇಟ್ಟುಕೊಳ್ಳುತ್ತೇನೆ. ಥಂಡಿ ತೀರ ಜೋರಾದ ವರ್ಷ ಎರಡನೆಯದು ಕೈಹಿಡಿಯುತ್ತದೆ. ಉಳಿದ ವರ್ಷ ಮೊದಲನೆಯದು. ಹೋದ ವರ್ಷ ಕಾಕಾ ನನ್ನಿಂದ ಇನ್ನೂರು ಅಗಿ ಒಯ್ದು, ಶಿವರಾತ್ರಿಗೆ ಕಾಯದೆ ಫೆಬ್ರವರಿ ಶುರುವಿಗೇ ಹಚ್ಚಿದರು. "ನೋಡೂಣು" ಅಂದರು, ಅಷ್ಟೇ.

ಒಂದು ವೇಳೆ ನಸುಕಿನ ಥಂಡಿಗೆ ಅಗಿ ಬಾಡಿದ್ದು ಕಂಡರೆ ಗಾಬರಿಯಾಗಬೇಡಿ, ಕೂಡಲೇ ನೀರನ್ನೂ ಹರಿಸಬೇಡಿ. ಮಣ್ಣಿನಲ್ಲಿ ನೀರು ಇರುತ್ತದೆ, ಥಂಡಿ ಹಿಡಿದ ಬೇರಿಗೆ ಅದನ್ನು ಎಳೆಯಲು ಆಗುತ್ತಿರುವುದಿಲ್ಲ. ಹತ್ತು ಗಂಟೆವರೆಗೆ ಎಳೆಬಿಸಿಲಿಗೆ ಏನಾದರೂ ಮರೆಮಾಡಿ, ಮೆಲ್ಲಗೆ ಬೆಚ್ಚಗಾಗಲಿ. ಅಂಚು ಒಣಗಿದ ಎಲೆಗಳನ್ನು ಕೀಳದೆ ಒಂದು ವಾರ ಹಾಗೇ ಬಿಡಿ. ಸುಳಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಹಸಿರಿದ್ದರೆ ಅದೇ ಗಿಡ ಫೆಬ್ರವರಿಯಲ್ಲಿ ಹೂ ಬಿಡುತ್ತದೆ. ಕಪ್ಪಾಗಿದ್ದರೆ ಮಾತ್ರ ಕಿತ್ತು, ಎರಡನೆಯ ಪಾಲಿನ ಅಗಿಯನ್ನು ಆ ಗುಣಿಗೆ ಹಚ್ಚಿ.